ಚುಕ್ಕಾಣಿ ಎತ್ತ ತಿರುಗಿದೆ?



ಬಜಪೆಯಲ್ಲಿ ಬೆಳೆದ ನಮ್ಮ ಮಕ್ಕಳಿಗೆ ಕಡಲಿಗಿಂತ ಆಕಾಶವೇ ಹತ್ತಿರ. 1951ರ ಡಿಸೆಂಬರ್ 25ರಂದು ಪ್ರಧಾನಿ ಜವಾಹರಲಾಲ್ ನೆಹರೂ ಅವರು ಡಗ್ಲಾಸ್ ಡಿಸಿ-3 ವಿಮಾನದಲ್ಲಿ ಇಲ್ಲಿನ ಗುಡ್ಡದ ಮೇಲೆ ಬಂದಿಳಿದರು. ಅಂದಿನಿಂದ ಈ ಊರಿನ ಹೆಸರು ವಿಮಾನದೊಡನೆ ಬೆಸೆದುಹೋಯಿತು. ಪಾಠದ ನಡುವೆ ವಿಮಾನ ಹಾರಿದರೆ ನಾನು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ, ಸದ್ದು ಅಡಗಿದ ಮೇಲೆ ಮುಂದುವರಿಸುತ್ತಿದ್ದುದು ನಿಮ್ಮಲ್ಲಿ ಹಲವರಿಗೆ ನೆನಪಿರಬಹುದು. ಒಮ್ಮೆ ಎಂಟನೆಯ ತರಗತಿಯಲ್ಲಿ, "ಚುಕ್ಕಾಣಿ ಎಂದರೇನು?" ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಕಿಟಕಿಯಾಚೆ ಕೈ ತೋರಿಸಿ, "ವಿಮಾನದ ಬಾಲ ಸರ್" ಎಂದ. ತರಗತಿಯೆಲ್ಲ ನಕ್ಕಿತು. ಆದರೆ ಅವನ ಉತ್ತರ ತಪ್ಪಾಗಿರಲಿಲ್ಲ. ವಿಮಾನದ ಬಾಲದಲ್ಲಿ ನೆಟ್ಟಗೆ ನಿಂತ ರೆಕ್ಕೆಯ ಹಿಂಬದಿಗೆ ಎಡಬಲಕ್ಕೆ ತಿರುಗುವ ಹಲಗೆಯೊಂದಿದೆ. ಅದಕ್ಕೂ ರಡ್ಡರ್ ಎಂದೇ ಹೆಸರು. ಕೆಲಸವನ್ನೂ ಹೆಸರನ್ನೂ ವಿಮಾನವು ಹಡಗಿನಿಂದ ಎರವಲು ಪಡೆದದ್ದು.

ಆ ಹುಡುಗ ಎಸ್‌ಎಸ್‌ಎಲ್‌ಸಿಯಲ್ಲಿ ಅನುತ್ತೀರ್ಣನಾದ, ಅದೂ ನಾನು ಕಲಿಸಿದ ಸಮಾಜ ವಿಜ್ಞಾನದಲ್ಲಿ. ಮತ್ತೊಮ್ಮೆ ಬರೆದು ಪಾಸಾಗಿ, ಐಟಿಐ ಮುಗಿಸಿ, ದೋಣಿಗಳ ವಿದ್ಯುತ್ ಕೆಲಸ ಕಲಿತು, ಈಗ ಮಂಗಳೂರಿನ ಬಂದರಿನಲ್ಲಿ ಎಲ್ಲರಿಗೂ ಬೇಕಾದ ಮನುಷ್ಯನಾಗಿದ್ದಾನೆ. ಆಟಿ ತಿಂಗಳ ಒಂದು ಬೆಳಗ್ಗೆ ಅವನಿಂದ ಕರೆ ಬಂತು. "ಸರ್, ಒಂದು ಬೋಟಿಗೆ ಚುಕ್ಕಾಣಿಯ ಕೋನ ತೋರಿಸುವ ಸೆನ್ಸರ್ ಕೂರಿಸುತ್ತಾ ಇದ್ದೇನೆ. ನಿಮಗೆ ಇಂಥದ್ದೆಲ್ಲ ಇಷ್ಟ ಅಲ್ಲವಾ, ನೋಡಲಿಕ್ಕೆ ಬನ್ನಿ" ಎಂದ. ನಿವೃತ್ತ ಮೇಷ್ಟರಿಗೆ ಇಂತಹ ಆಹ್ವಾನ ದಿನವೂ ಬರುವುದಿಲ್ಲ. ಕೊಡೆ ಹಿಡಿದು ಬಸ್ಸು ಹತ್ತಿದೆ. ಮರವೂರಿನಲ್ಲಿ ಫಲ್ಗುಣಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಅದೇ ನದಿಯ ನೀರನ್ನು ನಾನು ಮತ್ತೆ ಕಂಡದ್ದು ಬಂದರಿನಲ್ಲಿ, ನೇತ್ರಾವತಿಯನ್ನು ಕೂಡಿ ಕಡಲಿಗೆ ಸೇರುವ ತಾಣಕ್ಕೆ ಸಮೀಪದಲ್ಲಿ.

ಜೂನ್ 1ರಿಂದ ಜುಲೈ 31ರ ವರೆಗೆ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆಗ ಧಕ್ಕೆಯಲ್ಲಿ ಬೋಟುಗಳು ಒಂದಕ್ಕೊಂದು ಭುಜ ತಾಗಿಸಿ ನಿಂತಿರುತ್ತವೆ. ಬಲೆ ಹೊಲಿಯುವವರು, ಬಣ್ಣ ಬಳಿಯುವವರು, ಎಂಜಿನ್ ಬಿಚ್ಚಿದವರು ಎಲ್ಲರಿಗೂ ಅದೇ ಸುಗ್ಗಿ. ನನ್ನ ಶಿಷ್ಯನಿದ್ದ ಬೋಟು ಸಾಲಿನ ಕೊನೆಯದು, ಉಕ್ಕಿನದು. ಅದರ ಹಿಂಬದಿಯ ಮುಚ್ಚಳ ತೆಗೆದು, ಅವನು ಸೊಂಟದವರೆಗೆ ಒಳಗಿಳಿದಿದ್ದ. ಪಕ್ಕದಲ್ಲಿ ವಯಸ್ಸಾದ ತಾಂಡೇಲರೊಬ್ಬರು ಕುಳಿತು ವೀಳ್ಯ ಮೆಲ್ಲುತ್ತಿದ್ದರು. ಈಗ ಬೋಟು ನಡೆಸುವವನು ಅವರ ಮಗ. ಇವರು ಸುಮ್ಮನೆ ನೋಡಲು ಬಂದವರು, ನನ್ನ ಹಾಗೆಯೇ.

ನಾನು ಮೊದಲು ಕೇಳಿದ ಪ್ರಶ್ನೆ ದಡ್ಡನ ಪ್ರಶ್ನೆ. "ಚಕ್ರ ಎಷ್ಟು ತಿರುಗಿಸಿದ್ದೇವೆ ಎಂಬುದು ಕೈಗೇ ಗೊತ್ತಿರುತ್ತದಲ್ಲ? ಚುಕ್ಕಾಣಿ ಎತ್ತ ತಿರುಗಿದೆ ಎಂದು ಹೇಳಲು ಬೇರೆ ಯಂತ್ರ ಏಕೆ?"

ಅವನು ತಲೆ ಹೊರಗೆ ಹಾಕಿ, "ಗೊತ್ತಿರುವುದಿಲ್ಲ ಸರ್. ಅದೇ ಕಥೆ" ಎಂದ.

ಆ ಉತ್ತರದ ಬೆನ್ನು ಹಿಡಿದು ಹೋದಾಗ ನನಗೆ ಎರಡು ಸಾವಿರ ವರ್ಷಗಳ ಚರಿತ್ರೆಯೊಂದು ತೆರೆದುಕೊಂಡಿತು. ಅದನ್ನೇ ನಿಮ್ಮ ಮುಂದೆ ಇಡುತ್ತಿದ್ದೇನೆ.

ಚಿಕ್ಕಂದಿನಲ್ಲಿ ಬಂಧುಗಳ ಮನೆಗೆಂದು ಬಂದರಿನಿಂದ ಬೆಂಗ್ರೆಗೆ ದೋಣಿಯಲ್ಲಿ ದಾಟುತ್ತಿದ್ದೆವು. ಹಿಂದೆ ನಿಂತ ಅಂಬಿಗನು ಉದ್ದನೆಯ ಹುಟ್ಟನ್ನು ಕಂಕುಳಲ್ಲಿ ಒತ್ತಿ ಹಿಡಿದು, ಅದನ್ನು ಕೊಂಚ ಓರೆ ಮಾಡಿದರೆ ಸಾಕು, ದೋಣಿಯ ಮೂತಿ ತಿರುಗುತ್ತಿತ್ತು. ಅವನು ಎಂದೂ ಹಿಂದೆ ನೋಡುತ್ತಿರಲಿಲ್ಲ. ನೀರು ಹುಟ್ಟಿಗೆ ಎಷ್ಟು ಒತ್ತುತ್ತಿದೆ, ಹುಟ್ಟು ಎಷ್ಟು ಓರೆಯಾಗಿದೆ ಎಂಬುದನ್ನು ಅವನ ಅಂಗೈಯೇ ಹೇಳುತ್ತಿತ್ತು. ಹುಟ್ಟು ಅವನ ಕೈಯ ಮುಂದುವರಿಕೆಯಾಗಿತ್ತು.

ಲೋಕದ ದೋಣಿಗಳೆಲ್ಲ ಹೀಗೆಯೇ ಆರಂಭವಾದವು. ಋಗ್ವೇದದ ಭುಜ್ಯುವಿನ ಕಥೆಯಲ್ಲಿ ಅಶ್ವಿನೀ ದೇವತೆಗಳು ಅವನನ್ನು ಕಡಲಿನಿಂದ ಪಾರು ಮಾಡುವುದು ನೂರು ಹುಟ್ಟುಗಳ ನೌಕೆಯಲ್ಲಿ. ಅಜಂತಾದ 2ನೆಯ ಗುಹೆಯ ಚಿತ್ರದಲ್ಲಿರುವ ಮೂರು ಕಂಬಗಳ ಹಡಗಿಗೆ ಹಿಂಬದಿಯ ಪಕ್ಕದಲ್ಲಿ ದಿಕ್ಕು ತಿರುಗಿಸುವ ಹುಟ್ಟುಗಳಿವೆ. ಸಂಸ್ಕೃತದಲ್ಲಿ ಕರ್ಣ ಎಂದರೆ ಕಿವಿ, ಚುಕ್ಕಾಣಿ ಎಂದೂ ಅರ್ಥ. ಅದನ್ನು ಹಿಡಿದವನು ಕರ್ಣಧಾರ. ಹಡಗಿನ ಇಕ್ಕೆಲಗಳಲ್ಲಿ ಕಿವಿಗಳಂತೆ ಜೋತಿದ್ದ ಹುಟ್ಟುಗಳನ್ನು ಕಂಡೇ ಆ ಹೆಸರು ಬಂದಿರಬಹುದೆಂದು ನನ್ನ ಊಹೆ, ಊಹೆಯೆಂದೇ ತಿಳಿಯಿರಿ. ಉತ್ತರ ಯೂರೋಪಿನಲ್ಲಿ ಆ ಹುಟ್ಟು ಬಲಬದಿಗೆ ಇರುತ್ತಿತ್ತು. ಇಂಗ್ಲಿಷಿನಲ್ಲಿ ಹಡಗಿನ ಬಲಬದಿಗೆ ಸ್ಟಾರ್‌ಬೋರ್ಡ್ ಎನ್ನುವುದು ಅದರಿಂದಲೇ. ಅಲ್ಲಿ 'ಸ್ಟಾರ್' ಎಂದರೆ ನಕ್ಷತ್ರವಲ್ಲ, ದಿಕ್ಕು ತಿರುಗಿಸುವ ಹಲಗೆಯೆಂಬ ಹಳೆಯ ಪದದ ಸವೆದ ರೂಪ. ಬಲದಲ್ಲಿ ಹುಟ್ಟಿರುವುದರಿಂದ ಹಡಗನ್ನು ಎಡಬದಿಯಿಂದ ದಡಕ್ಕೆ ತಾಗಿಸುತ್ತಿದ್ದರು. ಆ ಬದಿ ಕಾಲಕ್ರಮದಲ್ಲಿ 'ಪೋರ್ಟ್' ಎನಿಸಿಕೊಂಡಿತು.

ಹಡಗಿನ ಬೆನ್ನಿಗೆ, ನಟ್ಟನಡುವೆ ಚುಕ್ಕಾಣಿಯನ್ನು ಕೂರಿಸಿದವರಲ್ಲಿ ಚೀನೀಯರು ಮೊದಲಿಗರು. ಗುವಾಂಗ್‌ಝೌದ ಹಾನ್ ಕಾಲದ ಸಮಾಧಿಯಲ್ಲಿ ದೊರೆತ, ಕ್ರಿ.ಶ. 1ನೆಯ ಶತಮಾನದ ಮಣ್ಣಿನ ದೋಣಿಯ ಮಾದರಿಯೊಂದರಲ್ಲಿ ಅದು ಕಾಣುತ್ತದೆ. ನಮ್ಮ ಅರಬ್ಬೀ ಸಮುದ್ರದ ಕಡೆಗೆ ಬಂದರೆ, ಜೆರುಸಲೇಮಿನ ಭೂಗೋಳಕಾರ ಅಲ್ ಮುಕದ್ದಸಿ 10ನೆಯ ಶತಮಾನದ ಕೊನೆಯಲ್ಲಿ ಬರೆದ ವಿವರವೊಂದು ಸೊಗಸಾಗಿದೆ. ಕೆಂಪು ಸಮುದ್ರದ ಬಂಡೆಗಳ ನಡುವೆ ಹಡಗಿನ ಒಡೆಯ ಮೇಲೆ ಕುಳಿತು ನೀರನ್ನು ನೋಡುತ್ತಿರುತ್ತಾನೆ. ಬಂಡೆ ಕಂಡರೆ ಎಡ ಅಥವಾ ಬಲ ಎಂದು ಕೂಗುತ್ತಾನೆ. ಇಬ್ಬರು ಹುಡುಗರು ಅದನ್ನು ಮತ್ತೆ ಗಟ್ಟಿಯಾಗಿ ಕೂಗುತ್ತಾರೆ. ಎರಡು ಹಗ್ಗ ಹಿಡಿದ ಚುಕ್ಕಾಣಿಗಾರನು ಕೇಳಿದ ಕಡೆಗೆ ಎಳೆಯುತ್ತಾನೆ. 1237ರಲ್ಲಿ ಅಲ್ ವಾಸಿತಿ ಎಂಬ ಚಿತ್ರಕಾರ ಬರೆದ ಹಡಗಿನ ಹಿಂಬದಿಯಲ್ಲಿ ಚುಕ್ಕಾಣಿ ಸ್ಪಷ್ಟವಾಗಿದೆ. ಯೂರೋಪಿನಲ್ಲಿ ಸುಮಾರು 1180ರ ಕಲ್ಲಿನ ಕೆತ್ತನೆಗಳಲ್ಲಿ ಅದು ಕಾಣಿಸಿಕೊಳ್ಳುತ್ತದೆ.

ನಾವು ದಿನವೂ ಪತ್ರಿಕೆಯಲ್ಲಿ 'ಅಧಿಕಾರದ ಚುಕ್ಕಾಣಿ' ಎಂದು ಓದುತ್ತೇವಲ್ಲ, ಆ ಪದವೇ ಹಡಗಿನಲ್ಲಿ ಬಂದದ್ದು. ಅರಬ್ಬಿಯಲ್ಲಿ 'ಸುಕ್ಕಾನ್' ಎಂದರೆ ಚುಕ್ಕಾಣಿ, 'ಸುಕ್ಕಾನಿ' ಎಂದರೆ ಅದನ್ನು ಹಿಡಿದವನು. ಅದು ಬಂದ ದಾರಿಯಲ್ಲಿ ನಮ್ಮ ಮಂಗಳೂರೂ ಇದೆ. ಟುನೀಶಿಯಾ ಮೂಲದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜು 1132ರಿಂದ 1149ರ ವರೆಗೆ ಮಂಗಳೂರಿನಲ್ಲಿದ್ದು ವ್ಯಾಪಾರ ಮಾಡಿದ. ಅವನ ಪರವಾಗಿ ಏಡನ್‌ಗೆ ಹೋಗಿಬರುತ್ತಿದ್ದವನು ತುಳುನಾಡಿನ ಬೊಮ್ಮ ಎಂಬವನು. ಇವರ ಪತ್ರಗಳು ಕೈರೋದ ಹಳೆಯ ಪ್ರಾರ್ಥನಾ ಮಂದಿರವೊಂದರಲ್ಲಿ ಉಳಿದುಬಂದವು. 1342ರ ಸುಮಾರಿಗೆ ಇಲ್ಲಿಗೆ ಬಂದ ಇಬ್ನ್ ಬತೂತ ಫಾರ್ಸ್ ಮತ್ತು ಯೆಮನ್‌ಗಳ ವರ್ತಕರನ್ನು ಈ ಬಂದರಿನಲ್ಲಿ ಕಂಡ. ಮೆಣಸು, ಶುಂಠಿ ಅತ್ತ ಹೋದವು, ಸುಕ್ಕಾನ್ ಇತ್ತ ಬಂದು ಚುಕ್ಕಾಣಿಯಾಯಿತು.

ಆದರೆ ಮುಕದ್ದಸಿಯ ವಿವರವನ್ನು ಮತ್ತೊಮ್ಮೆ ಗಮನಿಸಿ. ನೋಡುವವನೊಬ್ಬ, ಕೂಗುವವರಿಬ್ಬರು, ಎಳೆಯುವವನೊಬ್ಬ. ಬೆಂಗ್ರೆಯ ಅಂಬಿಗನಲ್ಲಿ ಒಂದೇ ಆಗಿದ್ದ ಕಣ್ಣು, ಬಾಯಿ, ಕೈ ಇಲ್ಲಿ ಬೇರೆಬೇರೆಯಾಗಿವೆ. ಹಡಗು ದೊಡ್ಡದಾದಷ್ಟೂ ಕೈಗೂ ಚುಕ್ಕಾಣಿಗೂ ನಡುವಿನ ದೂರ ಬೆಳೆಯಿತು. ಇಲ್ಲಿಂದ ಮುಂದಿನ ಚರಿತ್ರೆಯೆಲ್ಲ ಈ ದೂರದ ಚರಿತ್ರೆ.

ಬೆನ್ನಿನ ಚುಕ್ಕಾಣಿಗೆ ಒಂದು ಹಿಡಿ ಇರುತ್ತದೆ. ಅದು ಹಡಗಿನ ಒಳಮುಖವಾಗಿ ಚಾಚಿರುವುದರಿಂದ, ಹಿಡಿಯನ್ನು ಎಡಕ್ಕೆ ತಳ್ಳಿದರೆ ನೀರಿನಲ್ಲಿರುವ ಹಲಗೆ ಬಲಕ್ಕೆ ಹೋಗುತ್ತದೆ, ಹಡಗಿನ ಮೂತಿಯೂ ಬಲಕ್ಕೆ ತಿರುಗುತ್ತದೆ. ಸಣ್ಣ ದೋಣಿಯಲ್ಲಿ ಇದು ಒಂದೇ ದಿನದಲ್ಲಿ ರೂಢಿಯಾಗುತ್ತದೆ. 18ನೆಯ ಶತಮಾನದ ಆರಂಭದಲ್ಲಿ ಹಡಗುಗಳಿಗೆ ಹಗ್ಗ ಸುತ್ತಿದ ಚಕ್ರ ಬಂತು. ಚಕ್ರವನ್ನು ಬಲಕ್ಕೆ ತಿರುಗಿಸಿದರೆ ಹಡಗು ಬಲಕ್ಕೆ ಹೋಗುವ ವ್ಯವಸ್ಥೆ ರೂಢಿಯಾಯಿತು. ಆದರೆ ಅಪ್ಪಣೆಯ ಭಾಷೆ ಹಿಡಿಯ ಕಾಲದ್ದೇ ಉಳಿಯಿತು. ಬಲಕ್ಕೆ ಎಂದು ಅಪ್ಪಣೆಯಾದರೆ ಹಿಡಿ ಬಲಕ್ಕೆ, ಹಡಗು ಎಡಕ್ಕೆ! 1912ರ ಏಪ್ರಿಲ್ 14ರ ರಾತ್ರಿ ಟೈಟಾನಿಕ್ ಹಡಗಿನ ಎದುರು ಹಿಮಗಡ್ಡೆ ಕಂಡಾಗ ಅಧಿಕಾರಿ ಮರ್ಡೋಕ್ ಕೊಟ್ಟ ಅಪ್ಪಣೆ 'ಪೂರ್ತಿ ಬಲಕ್ಕೆ' ಎಂದು. ಹಡಗು ತಿರುಗಿದ್ದು ಎಡಕ್ಕೆ. ಅಂದಿನ ರೂಢಿಯಂತೆ ಅದು ಸರಿಯಾದ ಅಪ್ಪಣೆಯೇ. ಈ ತಲೆಕೆಳಗಾದ ಭಾಷೆಯನ್ನು ಅಂತಾರಾಷ್ಟ್ರೀಯ ಒಪ್ಪಂದದ ಮೂಲಕ ಬದಲಿಸಿದ್ದು 1930ರ ದಶಕದ ಆರಂಭದಲ್ಲಿ.

ಮುಂದೆ ಉಗಿಯ ಯುಗ ಬಂತು. 1858ರಲ್ಲಿ ನೀರಿಗಿಳಿದ, 692 ಅಡಿ ಉದ್ದದ ಗ್ರೇಟ್ ಈಸ್ಟರ್ನ್ ಹಡಗಿನ ಚುಕ್ಕಾಣಿಯನ್ನು ಮನುಷ್ಯರ ತೋಳುಗಳಿಂದ ತಿರುಗಿಸುವುದು ಬಹಳ ಕಷ್ಟವಾಗಿತ್ತು. ಜಾನ್ ಮ್ಯಾಕ್‌ಫಾರ್ಲೇನ್ ಗ್ರೇ ಎಂಬ ಎಂಜಿನಿಯರ್ 1867ರ ಹೊತ್ತಿಗೆ ಅದಕ್ಕೆ ಉಗಿಯಂತ್ರ ಜೋಡಿಸಿದರು. ಅವರ ಜಾಣತನವೆಂದರೆ, ಚಕ್ರ ತಿರುಗಿಸಿದಾಗ ಉಗಿಯ ಕವಾಟ ತೆರೆಯುತ್ತದೆ; ಚುಕ್ಕಾಣಿ ಅಷ್ಟು ತಿರುಗಿದ ಮೇಲೆ ಅದರ ಚಲನೆಯೇ ಆ ಕವಾಟವನ್ನು ಮುಚ್ಚುತ್ತದೆ. 'ನೀನು ಹೇಳಿದಷ್ಟು ತಿರುಗಿದ್ದೇನೆ' ಎಂದು ಚುಕ್ಕಾಣಿ ತಿರುಗಿ ವರದಿ ಒಪ್ಪಿಸಿದಂತೆ. ಇಂದು ನಾವು ಮರುಮಾಹಿತಿ ಎನ್ನುವ ತತ್ತ್ವದ ಮೊದಮೊದಲ ಉದಾಹರಣೆಗಳಲ್ಲಿ ಇದೊಂದು. ಇದೇ ಹಡಗು 1870ರಲ್ಲಿ ಮುಂಬಯಿಗೆ ಬಂದು, ಅಲ್ಲಿಂದ ಏಡನ್‌ವರೆಗೆ ಕಡಲ ತಳದಲ್ಲಿ ತಂತಿ ಹಾಸಿತು. ಬೊಮ್ಮನ ಹಡಗುಗಳು ಓಡಾಡಿದ ಕಡಲಿನಲ್ಲಿಯೇ.

ಹಡಗನ್ನು ತನ್ನಷ್ಟಕ್ಕೆ ನಡೆಸುವ ಯಂತ್ರದ ಯೋಚನೆ 20ನೆಯ ಶತಮಾನದ್ದು. ರಷ್ಯಾದಿಂದ ಅಮೆರಿಕಕ್ಕೆ ಹೋದ ಗಣಿತಜ್ಞ ನಿಕೊಲಾಸ್ ಮಿನೋರ್ಸ್ಕಿ 1922ರಲ್ಲಿ ಪ್ರಕಟಿಸಿದ ಪ್ರಬಂಧ ಈ ವಿಷಯದಲ್ಲಿ ಮುಖ್ಯವಾದುದು. ಅನುಭವಿ ಚುಕ್ಕಾಣಿಗಾರನು ಏನು ಮಾಡುತ್ತಾನೆ ಎಂಬುದರಿಂದಲೇ ಆತ ಆರಂಭಿಸಿದ. ಹಡಗು ದಾರಿ ಎಷ್ಟು ತಪ್ಪಿದೆ ಎಂಬುದನ್ನು ಮಾತ್ರ ನೋಡಿ ಅವನು ಚಕ್ರ ತಿರುಗಿಸುವುದಿಲ್ಲ. ಎಷ್ಟು ವೇಗವಾಗಿ ತಪ್ಪುತ್ತಿದೆ, ಬಹಳ ಹೊತ್ತಿನಿಂದ ಒಂದೇ ಕಡೆಗೆ ಎಳೆಯುತ್ತಿದೆಯೇ ಎಂಬುದನ್ನೂ ಅವನ ಮೈ ಬಲ್ಲುದು. ಈ ಮೂರನ್ನೂ ಮಿನೋರ್ಸ್ಕಿ ಸಮೀಕರಣಕ್ಕೆ ಇಳಿಸಿದ. 1923ರಲ್ಲಿ ನ್ಯೂ ಮೆಕ್ಸಿಕೋ ಎಂಬ ಯುದ್ಧನೌಕೆಯಲ್ಲಿ ಪ್ರಯೋಗವೂ ನಡೆಯಿತು. ಇಂದು ಕಾರ್ಖಾನೆಗಳ ಲೆಕ್ಕವಿಲ್ಲದಷ್ಟು ಯಂತ್ರಗಳನ್ನು ನಿಯಂತ್ರಿಸುವ ಸೂತ್ರ ಅದೇ. ಅದರ ಮೂಲದಲ್ಲಿ ಒಬ್ಬ ನಾವಿಕನ ಅಂಗೈ ಇದೆ ಎಂದು ತಿಳಿದಾಗ ನನಗೆ ಹನ್ನೆರಡನೆಯ ಶತಮಾನದ ನಮ್ಮ ಅಂಬಿಗರ ಚೌಡಯ್ಯನವರ ನೆನಪಾಯಿತು. ಹುಟ್ಟು ಹಿಡಿದವರ ಅರಿವನ್ನು ಈ ನಾಡು ಅಂದೇ ಗೌರವಿಸಿತ್ತು.

ಇನ್ನು ದೂರ ಹೆಚ್ಚಿದಾಗ ಏನಾಗುತ್ತದೆ ಎಂಬುದಕ್ಕೆ ಒಂದು ದಿನಾಂಕ ಸಾಕು. 1978ರ ಮಾರ್ಚ್ 16. ಅಮೋಕೋ ಕಾಡಿಜ್ ಎಂಬ ತೈಲ ಹಡಗು ಫ್ರಾನ್ಸಿನ ಬ್ರಿಟನಿ ಕರಾವಳಿಯ ಬಳಿ ಬಿರುಗಾಳಿಯಲ್ಲಿ ಸಾಗುತ್ತಿತ್ತು. ಚುಕ್ಕಾಣಿಯನ್ನು ತಿರುಗಿಸುವ ಎಣ್ಣೆಯ ಒತ್ತಡದ ವ್ಯವಸ್ಥೆ ಮುರಿದು ಎಣ್ಣೆ ಸೋರಿಹೋಯಿತು. ಚಕ್ರ ಇತ್ತು, ಅಪ್ಪಣೆ ಇತ್ತು, ಆದರೆ ಚುಕ್ಕಾಣಿ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಆ ರಾತ್ರಿ ಹಡಗು ಪೋರ್ಟ್‌ಸಾಲ್ ಬಂಡೆಗಳಿಗೆ ಬಡಿಯಿತು. ಎರಡು ಲಕ್ಷ ಟನ್ನಿಗೂ ಹೆಚ್ಚು ಕಚ್ಚಾ ತೈಲ ಕಡಲು ಸೇರಿತು. ಅದಾದ ಮೇಲೆ ತೈಲ ಹಡಗುಗಳಿಗೆ ಜೋಡಿ ಚುಕ್ಕಾಣಿ ಯಂತ್ರಗಳ ನಿಯಮ ಬಿಗಿಯಾಯಿತು.

ಇಂದು ನಮ್ಮ ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ದೊಡ್ಡ ಹಡಗುಗಳಿಗೆಲ್ಲ ಅನ್ವಯಿಸುವ ಅಂತಾರಾಷ್ಟ್ರೀಯ ನಿಯಮಗಳಲ್ಲಿ ಇವು ಸೇರಿವೆ. ಒಂದು ಬದಿಯ 35 ಡಿಗ್ರಿಯಿಂದ ಇನ್ನೊಂದು ಬದಿಯ 30 ಡಿಗ್ರಿಗೆ ಚುಕ್ಕಾಣಿ 28 ಸೆಕೆಂಡುಗಳ ಒಳಗೆ ತಿರುಗಬೇಕು. ಹೊರಡುವ ಮೊದಲಿನ 12 ಗಂಟೆಗಳ ಒಳಗೆ ಅದನ್ನು ಪರೀಕ್ಷಿಸಬೇಕು. 35 ಡಿಗ್ರಿಯೇ ಏಕೆಂದರೆ, ಅದಕ್ಕಿಂತ ಹೆಚ್ಚು ಓರೆಯಾದರೆ ನೀರು ಹಲಗೆಗೆ ಅಂಟಿ ಹರಿಯದೆ ಸುಳಿಯಾಗಿ ಒಡೆಯುತ್ತದೆ; ಆಗ ಚುಕ್ಕಾಣಿ ತಿರುಗಿಸುವುದಕ್ಕಿಂತ ತಡೆಯುವುದೇ ಹೆಚ್ಚು. ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದ ನಿಯಮ ಇನ್ನೊಂದು. ಚುಕ್ಕಾಣಿಯ ಕೋನವನ್ನು ನಾವಿಕನಿಗೆ ತೋರಿಸುವ ಸಾಧನವು, ಚುಕ್ಕಾಣಿಯನ್ನು ನಿಯಂತ್ರಿಸುವ ವ್ಯವಸ್ಥೆಯಿಂದ ಸ್ವತಂತ್ರವಾಗಿರಬೇಕು. ಅಂದರೆ, ಚುಕ್ಕಾಣಿ ಎಲ್ಲಿದೆ ಎಂದು ಚಕ್ರವನ್ನು ಕೇಳಬೇಡ, ಚುಕ್ಕಾಣಿಯನ್ನೇ ಕೇಳು.

ನನ್ನ ಶಿಷ್ಯ 'ಗೊತ್ತಿರುವುದಿಲ್ಲ ಸರ್' ಎಂದದ್ದೂ ಇದೇ ಕಾರಣಕ್ಕೆ. ಆ ಬೋಟಿನ ಚಕ್ರ ಒಂದು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ನಳಿಗೆಯಲ್ಲಿ ತಳ್ಳುತ್ತದೆ. ಎಣ್ಣೆ ಹಿಂಬದಿಯ ಸಿಲಿಂಡರನ್ನು ನೂಕುತ್ತದೆ. ಸಿಲಿಂಡರು ಚುಕ್ಕಾಣಿಯ ದಂಡಕ್ಕೆ ಬಿಗಿದ ಉಕ್ಕಿನ ತೋಳನ್ನು ತಳ್ಳುತ್ತದೆ. ಎಣ್ಣೆ ಒಳಗೊಳಗೇ ಕೊಂಚ ಜಾರಿದರೂ ಚಕ್ರದ ಸ್ಥಾನಕ್ಕೂ ಚುಕ್ಕಾಣಿಯ ಸ್ಥಾನಕ್ಕೂ ಸಂಬಂಧ ತಪ್ಪುತ್ತದೆ. ಮೊನ್ನೆ ಚಕ್ರದ ಯಾವ ಕಡ್ಡಿ ಮೇಲಿದ್ದಾಗ ಬೋಟು ನೇರ ಹೋಗುತ್ತಿತ್ತೋ ಇಂದು ಅದು ಬೇರೆಯಾಗಿರುತ್ತದೆ. ಬೋಟಿಗೆ ಸ್ವಯಂಚಾಲಕ ಜೋಡಿಸುವುದಾದರೆ ಚುಕ್ಕಾಣಿಯ ನಿಜವಾದ ಕೋನ ಅದಕ್ಕೆ ತಿಳಿಯಲೇಬೇಕು.

ಸೆನ್ಸರ್ ನೋಡಲು ಅಂಗೈಯಗಲದ ಡಬ್ಬಿ. ಅದರಿಂದ ಹೊರಬಂದ ಸಣ್ಣ ತೋಳನ್ನು ಒಂದು ಸಲಾಕೆಯ ಮೂಲಕ ಚುಕ್ಕಾಣಿಯ ತೋಳಿಗೆ ಜೋಡಿಸಿದ್ದ. "ಇವೆರಡು ತೋಳು ಒಂದೇ ಉದ್ದ ಸರ್, ಸಲಾಕೆಯ ಉದ್ದವೂ ಎರಡು ದಂಡಗಳ ನಡುವಿನ ದೂರವೂ ಒಂದೇ. ಸಮಾಂತರ ಚತುರ್ಭುಜ. ಹಾಗಿದ್ದರೆ ಮಾತ್ರ ಅದು ತಿರುಗಿದಷ್ಟೇ ಇದೂ ತಿರುಗುವುದು" ಎಂದು ವಿವರಿಸಿದ. ಡಬ್ಬಿಯೊಳಗೆ ಇರುವುದು ಹಳೆಯ ರೇಡಿಯೋದ ಸದ್ದಿನ ಗುಂಡಿಯಲ್ಲಿರುವಂತಹ, ತಿರುಗಿಸಿದಂತೆ ರೋಧ ಬದಲಾಗುವ ಭಾಗ. ಮೂರು ತಂತಿಗಳು, ಎರಡು ತುದಿಗಳದ್ದು, ಒಂದು ನಡುವಿನದ್ದು. ಅವು ಅಡಾಪ್ಟರ್ ಎಂಬ ಇನ್ನೊಂದು ಡಬ್ಬಿಗೆ ಹೋಗುತ್ತವೆ. ಅದು ಈ ಏರಿಳಿತವನ್ನು ಅಂಕಿಗಳಾಗಿ ಅನುವಾದಿಸಿ ಬೋಟಿನ ಮುಖ್ಯ ತಂತಿಜಾಲಕ್ಕೆ ಹಾಕುತ್ತದೆ. ಎನ್‌ಎಂಇಎ 2000 ಎಂಬ ಈ ಜಾಲದ ತಳಹದಿ, ಜರ್ಮನಿಯ ಬಾಶ್ ಸಂಸ್ಥೆ 1986ರಲ್ಲಿ ಕಾರುಗಳಿಗಾಗಿ ಹೊರತಂದ ಪದ್ಧತಿ. ಜಾಲದ ಎರಡು ತುದಿಗಳಲ್ಲೂ 120 ಓಮಿನ ರೋಧವಿರಬೇಕು. ಕವಲು ತಂತಿ 6 ಮೀಟರಿಗಿಂತ ಉದ್ದವಿರಬಾರದು. ಅವನು ವಿದ್ಯುತ್ ಆರಿಸಿ ಮೀಟರ್ ಹಿಡಿದು, "60 ಓಮ್ ಬಂತು ಸರ್. ಎರಡು ತುದಿಯೂ ಸರಿ ಉಂಟು" ಎಂದ. ಎರಡು 120 ಸಮಾಂತರವಾದರೆ 60. ನನ್ನ ಪಾಠದಲ್ಲಿ ತಪ್ಪಿದ ಹುಡುಗ ನನಗೇ ಪಾಠ ಹೇಳುತ್ತಿದ್ದ.

ಕೊನೆಗೆ ಪರೀಕ್ಷೆ. ಮುಂದಿನ ಕೋಣೆಯಲ್ಲಿ ಪರದೆಯ ಎದುರು ನಾನು, ಚಕ್ರದ ಬಳಿ ಶಿಷ್ಯ, ಹಿಂಬದಿಯ ಮುಚ್ಚಳದ ಬಳಿ ತಾಂಡೇಲರು. ಮುಕದ್ದಸಿಯ ಹಡಗಿನಂತೆ ಕೂಗುವುದೇ ಕೆಲಸ. ಶಿಷ್ಯ ಚಕ್ರ ತಿರುಗಿಸಿದ. ಪರದೆಯ ಮುಳ್ಳು ಎಡಕ್ಕೆ ವಾಲಿತು. "ಎಡ ಹತ್ತು" ಎಂದು ಕೂಗಿದೆ. ಹಿಂದಿನಿಂದ, "ತೋಳೂ ಎಡಕ್ಕೇ ಬಂತು" ಎಂಬ ಉತ್ತರ. ಎರಡೂ ಒಂದೇ! ಶಿಷ್ಯ ಸಂತೋಷದಿಂದ ಸ್ಕ್ರೂ ಬಿಗಿಯಲು ಎದ್ದ.

ತಾಂಡೇಲರು ಮಾತ್ರ ಏಳಲಿಲ್ಲ. ವೀಳ್ಯ ಉಗುಳಿ, ತುಳುವಿನಲ್ಲಿ ನಿಧಾನವಾಗಿ ಹೇಳಿದರು: "ಮಾಸ್ಟ್ರೇ, ಎಡಬಲ ಬೇಡ. ಬೆಂಗ್ರೆ ಕಡೆ, ಪೇಟೆ ಕಡೆ ಎಂದು ಹೇಳಿ. ನಾನು ಯಾವ ಕಡೆಗೆ ಮುಖ ಹಾಕಿ ಕುಳಿತಿದ್ದೇನೆ ಎಂದು ನಿಮಗೆ ಹೇಗೆ ಗೊತ್ತು?"

ಸ್ಟಾರ್‌ಬೋರ್ಡ್, ಪೋರ್ಟ್ ಎಂಬ ಪದಗಳು ಏಕೆ ಬೇಕಾದವು ಎಂಬುದನ್ನು ಅವರು ಒಂದು ಮಾತಿನಲ್ಲಿ ಹೇಳಿಬಿಟ್ಟಿದ್ದರು. ಬೋಟಿನ ಮೂತಿ ನದಿಯ ಮೇಲ್ಮುಖಕ್ಕೆ ಇತ್ತು. ಎಡಕ್ಕೆ ಬೆಂಗ್ರೆ, ಬಲಕ್ಕೆ ಪೇಟೆ. ಮತ್ತೆ ಪರೀಕ್ಷಿಸಿದೆವು. ತೋಳು ಬೆಂಗ್ರೆ ಕಡೆಗೆ, ಮುಳ್ಳೂ ಬೆಂಗ್ರೆ ಕಡೆಗೆ. ಆಗಲೂ ಅವರು ತಲೆಯಾಡಿಸಿದರು. "ತೋಳು ಮುಂದಕ್ಕೆ ಚಾಚಿ ಉಂಟು. ತೋಳು ಬೆಂಗ್ರೆಗೆ ಬಂದರೆ ಹಲಗೆ ಪೇಟೆಗೆ ಹೋಯಿತು. ಬೋಟು ಪೇಟೆ ಕಡೆಗೆ ತಿರುಗುತ್ತದೆ. ನಿಮ್ಮ ಮುಳ್ಳು ಬೆಂಗ್ರೆ ಎನ್ನುತ್ತದೆ."

ಟೈಟಾನಿಕ್ಕಿನ ತಲೆಕೆಳಗಾದ ಅಪ್ಪಣೆಯ ವಿಷಯವನ್ನು ಎಷ್ಟೋ ವರ್ಷ ರಸವತ್ತಾಗಿ ಪಾಠ ಮಾಡಿದ ನನಗೆ, ಅದು ಕಣ್ಣ ಮುಂದೆಯೇ ನಡೆದಾಗ ತಿಳಿಯಲಿಲ್ಲ. ಶಿಷ್ಯ ತೋಳನ್ನು ನೋಡಿಕೊಂಡು ದಿಕ್ಕು ನಿಗದಿ ಮಾಡಿದ್ದ. ನೋಡಬೇಕಾದದ್ದು ನೀರೊಳಗಿನ ಹಲಗೆಯನ್ನು. ಅವನ ಮುಖ ಬಿಳಿಚಿತು. ಸ್ವಯಂಚಾಲಕಕ್ಕೆ ಈ ತಪ್ಪು ಮಾಹಿತಿ ಹೋಗಿದ್ದರೆ, ಅದು ಬಲಕ್ಕೆ ತಿರುಗಿಸಲು ಹೊರಟು, ಮುಳ್ಳು ಎಡ ಎಂದು ತೋರಿಸಿದಾಗ ಇನ್ನಷ್ಟು ಬಲಕ್ಕೆ, ಮತ್ತೂ ಬಲಕ್ಕೆ ತಳ್ಳಿ, ಚುಕ್ಕಾಣಿಯನ್ನು ಕೊನೆಯವರೆಗೆ ಒತ್ತಿಬಿಡುತ್ತಿತ್ತು. ಅಳಿವೆ ಬಾಗಿಲಿನಲ್ಲಿ ಹೂಳು ತುಂಬಿದ ಇಕ್ಕಟ್ಟಿನ ದಾರಿ. ಎದುರಿಗೆ ಒಡೆಯುವ ಅಲೆ. ಅಲ್ಲಿ ಇದು ನಡೆದಿದ್ದರೆ ಎಂದು ಯೋಚಿಸಲು ಮೂವರಿಗೂ ಮನಸ್ಸಾಗಲಿಲ್ಲ.

ಪರಿಹಾರ ಐದು ನಿಮಿಷದ ಕೆಲಸ. ತುದಿಯ ಎರಡು ತಂತಿಗಳನ್ನು ಅದಲುಬದಲು ಮಾಡಿ, ನಡು, ಪೂರ್ತಿ ಎಡ, ಪೂರ್ತಿ ಬಲ ಎಂದು ಮೂರು ಸ್ಥಾನಗಳನ್ನು ಹೊಸದಾಗಿ ಕಲಿಸಿದ. ಈಗ ತೋಳು ಬೆಂಗ್ರೆಗೆ ಹೋದರೆ ಮುಳ್ಳು ಪೇಟೆ ಕಡೆಗೆ ಸರಿಯಿತು. ತಾಂಡೇಲರು ಎದ್ದು ಬಂದು, ಜೀವನದಲ್ಲಿ ಮೊದಲ ಬಾರಿಗೆ ಆ ಪರದೆಯನ್ನು ನೋಡಿ, "ಈಗ ನಂಬಬಹುದು" ಎಂದರು.

ಮಳೆ ಬಿಡಲಿಲ್ಲ. ಧಕ್ಕೆಯ ಸಣ್ಣ ಹೋಟೆಲಿನಲ್ಲಿ ಚಹಾ ಕುಡಿಯುವಾಗ ಶಿಷ್ಯ ನಗುತ್ತಲೇ ಹೇಳಿದ: "ನೀವು ಪಾಠ ಮುಗಿಸಿ 'ತಿಳಿಯಿತೇ ಮಕ್ಕಳೇ?' ಎಂದು ಕೇಳುತ್ತಿದ್ದಿರಿ ಸರ್. ನಾವೆಲ್ಲ ಒಟ್ಟಿಗೆ 'ತಿಳಿಯಿತು ಸರ್' ಎನ್ನುತ್ತಿದ್ದೆವು. ನನಗೆ ಒಂದು ದಿನವೂ ತಿಳಿಯುತ್ತಿರಲಿಲ್ಲ."

ಅವನು ದೂರಲು ಹೇಳಿದ ಮಾತಲ್ಲ. ಆದರೂ ಆ ಚಹಾ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಬಿ.ಎಡ್. ತರಬೇತಿಯಲ್ಲಿ ಮೌಲ್ಯಮಾಪನದ ಮೇಲೆ ಪುಟಗಟ್ಟಲೆ ಬರೆದು ಅಂಕ ಗಳಿಸಿದ್ದೆ. ನಲವತ್ತು ಮಕ್ಕಳ ತರಗತಿಯಲ್ಲಿ ಮಾತ್ರ ಚಕ್ರ ತಿರುಗಿಸಿ, ಚುಕ್ಕಾಣಿಯೂ ತಿರುಗಿತೆಂದು ನಂಬಿದೆ. ನಾನು ಕೇಳುತ್ತಿದ್ದುದು ನನ್ನದೇ ಧ್ವನಿಯ ಪ್ರತಿಧ್ವನಿಯನ್ನು. ಹಿಂದಿನ ಬೆಂಚಿಗೆ ಹೋಗಿ, ಅವನ ಪಕ್ಕ ಕುಳಿತು, ನೀರೊಳಗಿನ ಹಲಗೆ ಎತ್ತ ತಿರುಗಿದೆ ಎಂದು ನೋಡಿದ್ದರೆ ಆ ಹುಡುಗನ ಒಂದು ವರ್ಷ ಉಳಿಯುತ್ತಿತ್ತು. ಅದನ್ನು ಅವನಿಗೆ ಅಲ್ಲಿಯೇ ಹೇಳಿದೆ. ಅವನು ಗಾಬರಿಯಾಗಿ, "ಬಿಡಿ ಸರ್, ತಂತಿ ಅದಲುಬದಲು ಮಾಡಿದ್ದೇವಲ್ಲ" ಎಂದ.

ಆಗಸ್ಟ್ ಬಂತು, ಬೋಟು ಕಡಲಿಗೆ ಹೋಗಿ ಮರಳಿತು. ಅವನ ಸಂದೇಶ ಮೂರೇ ಪದಗಳದ್ದು: "ಮುಳ್ಳು ಸರಿ ಉಂಟು."

ಇದನ್ನು ಓದುತ್ತಿರುವ ನನ್ನ ವಿದ್ಯಾರ್ಥಿಗಳಲ್ಲಿ, ತಿಳಿಯದೆಯೇ 'ತಿಳಿಯಿತು ಸರ್' ಎಂದವರು ಇನ್ನೂ ಹಲವರಿರಬೇಕು. ನಿಮ್ಮಲ್ಲಿ ಕೆಲವರು ಇಂದು ನನ್ನಂತೆಯೇ ಶಿಕ್ಷಕರು, ಇನ್ನು ಕೆಲವರು ತಂದೆತಾಯಿಗಳು. ಯಾವ ಪಾಠ ಅಂದು ತಿಳಿಯಲಿಲ್ಲ ಎಂದು ಈಗಲಾದರೂ ಬರೆದು ತಿಳಿಸಿ. ಸಮಯವಿದೆ, ಇನ್ನೊಮ್ಮೆ ಹೇಳುತ್ತೇನೆ. ವಿಮಾನ ಹಾರಿದರೆ ಮಾತ್ರ ಕೊಂಚ ನಿಲ್ಲಿಸುತ್ತೇನೆ.